ಹೆಸರಿಗೆ ಬಿಟ್ಟ ಜಾಗ

ಮಾನ್ಯ ಓದುಗರ ಅವಗಾಹನೆಗೆ ವಿನಯಪೂರ್ವಕವಾಗಿ ತರಬಯಸುವುದೇನೆಂದರೆ, ಈ ಬರಹವನ್ನು ಸಲ್ಲಿಸುತ್ತಿರುವ ನಾನು ಗದಗಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇವೆ ಸಲ್ಲಿಸಿ ನಿವೃತ್ತಳಾದವಳು. ಇಲ್ಲಿಯವರೆಗೆ ಜ್ಞಾಪನ, ಸುತ್ತೋಲೆ, ಟಿಪ್ಪಣಿಗಳನ್ನು ಬರೆದಿದ್ದೇನೆಯೇ ಹೊರತು ಪ್ರವಾಸದ ಸಂಗತಿಯನ್ನು ಬರೆದವಳಲ್ಲ. ಆದ ಕಾರಣ ಶೈಲಿಯಲ್ಲಿ ಕಚೇರಿಯ ವಾಸನೆ ಬಂದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಬೇರೆ ಶೈಲಿಯಲ್ಲಿ ಬರೆಯಲು ಪ್ರಯತ್ನಿಸಿದೆ. ಮೊದಲ ವಾಕ್ಯವೇ ಸುತ್ತೋಲೆಯಾಯಿತು.

ದುಬೈನ ಎತ್ತರದ ಕಟ್ಟಡ, ಬಂಗಾರದ ಅಂಗಡಿ, ಮರಳಿನ ಸವಾರಿ ಇವುಗಳ ಬಗ್ಗೆ ಈಗಾಗಲೇ ಹಲವರು ವಿವರವಾಗಿ ಬರೆದಿರುವುದರಿಂದ ಅವುಗಳನ್ನು ಕೈಬಿಡಲಾಗಿದೆ. ನಾನು ವರದಿ ಮಾಡಬಯಸುವುದು ಅಲ್ಜೀರಿಯಾ ದೇಶದ ಒಬ್ಬ ಕವಯಿತ್ರಿಯ ಬಗ್ಗೆ ಮತ್ತು ಆಕೆಯ ತಾಯಿಯ ಬಗ್ಗೆ. ತಾಯಿಯ ಹೆಸರನ್ನು ಬರಹದ ಬಹುಭಾಗದಲ್ಲಿ ನಮೂದಿಸಿರುವುದಿಲ್ಲ. ಅದು ಮರೆವಿನಿಂದ ಆದದ್ದಲ್ಲ; ಕಾರಣ ಮುಂದೆ ತಿಳಿಯುತ್ತದೆ.

ಜುಮೇರಾ ಲೇಕ್ ಟವರ್ಸ್

ನನ್ನ ತಂಗಿಯ ಮಗಳು ವೀಣಾ ದುಬೈನ ಈ ಬಡಾವಣೆಯಲ್ಲಿದ್ದು, ಸಿನಿಮಾಗಳಿಗೆ ಅಡಿಬರಹ ಸಿದ್ಧಪಡಿಸುವ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳ ಫ್ಲ್ಯಾಟಿನಲ್ಲಿ ಎರಡು ಕೋಣೆ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅದೇ ಕಚೇರಿಯ ಸಹೋದ್ಯೋಗಿ ದಲೀಲಾ. ನಾನು ಹೋಗುವ ಮುನ್ನವೇ ವೀಣಾ ಫೋನಿನಲ್ಲಿ ಈ ವಿಷಯ ತಿಳಿಸಿದ್ದಳಾದರೂ, ಅಡಿಗೆಮನೆ ಇಬ್ಬರಿಗೂ ಒಂದೇ ಎಂಬುದನ್ನು ತಿಳಿಸಿರಲಿಲ್ಲ. ನಾನು ಒಯ್ದಿದ್ದ ಜೋಳದ ಕಟಕ ರೊಟ್ಟಿಯ ಕಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮೊದಲ ದಿನ ನನ್ನ ಹಾಸಿಗೆಯ ಮೇಲೆಯೇ ಇಟ್ಟುಕೊಂಡಿದ್ದೆ.

ಮೊದಲ ಬೆಳಗಿನಲ್ಲಿಯೇ ಒಂದು ಗೊಂದಲ ಉಂಟಾಯಿತು. ಬಾಲ್ಕನಿಯಲ್ಲಿ ಯಾರೋ ಜೋರಾಗಿ ಮಾತನಾಡುತ್ತಿದ್ದರು. ಇಣುಕಿ ನೋಡಿದರೆ ಗುಂಗುರು ಕೂದಲಿನ, ಮೂವತ್ತು ದಾಟಿದ ಹೆಣ್ಣುಮಗಳೊಬ್ಬಳು ಕೆಳಗಿನ ಕೆರೆಯ ಕಡೆ ಮುಖ ಮಾಡಿ, ಕೈ ಆಡಿಸುತ್ತ, ಒಮ್ಮೆ ಅರಬ್ಬಿಯಲ್ಲಿ ಒಮ್ಮೆ ಫ್ರೆಂಚಿನಲ್ಲಿ ಏನನ್ನೋ ಹೇಳುತ್ತಿದ್ದಳು. ಫೋನಿನಲ್ಲಿ ಗಂಡನೊಂದಿಗೆ ಜಗಳವಿರಬೇಕೆಂದು ಭಾವಿಸಿ, ಕೇಳಿಸಿಕೊಳ್ಳುವುದು ಸಭ್ಯತೆಯಲ್ಲವೆಂದು ಹಿಂದೆ ಸರಿದೆ. ಆದರೆ ಕೈಯಲ್ಲಿ ಫೋನೇ ಇರಲಿಲ್ಲ.

“ವೀಣಾ, ಆಕಿ ಯಾರ ಜೋಡಿ ಜಗಳಾಡಾಕತ್ಯಾಳ?” ಎಂದು ಕೇಳಿದೆ.

“ಜಗಳ ಅಲ್ಲ ದೊಡ್ಡವ್ವ, ಕವಿತಾ. ದಲೀಲಾ ದಿನಾ ಹಿಂಗ ಪ್ರಾಕ್ಟೀಸ್ ಮಾಡ್ತಾಳ. ಸ್ಲ್ಯಾಮ್ ಅಂತಾರ ಅದಕ್ಕ.”

“ಕವಿತಾ ಅಂದ್ರ ಕುಂತು ಓದೂದಲ್ಲೇನು?”

“ಓದಂಗಿಲ್ಲ. ಕೈಯಾಗ ಹಾಳಿ ಇರಬಾರದು. ಬಾಯಿಪಾಠ. ಮೂರು ಮಿನಿಟಿನಾಗ ಮುಗಿಸಬೇಕು.”

“ಮೂರು ಮಿನಿಟಿನಾಗ ನಮ್ಮ ಕಡೆ ಸ್ವಾಗತ ಭಾಷಣಾನೂ ಮುಗಿಯಂಗಿಲ್ಲ” ಎಂದೆ. ವೀಣಾ ಅದನ್ನು ಇಂಗ್ಲಿಷಿನಲ್ಲಿ ದಲೀಲಾಗೆ ಹೇಳಿದಾಗ ಆಕೆ ಬಾಲ್ಕನಿಯಿಂದಲೇ ನಕ್ಕು, ನನ್ನನ್ನು ‘ಖಾಲ್ತಿ’ ಎಂದು ಕರೆದಳು. ಅವರ ಭಾಷೆಯಲ್ಲಿ ತಾಯಿಯ ಸೋದರಿಯನ್ನು ಕರೆಯುವ ಮಾತು ಅದು. ಒಂದೇ ಮನೆಯಲ್ಲಿ ಒಬ್ಬಳಿಗೆ ದೊಡ್ಡವ್ವ, ಇನ್ನೊಬ್ಬಳಿಗೆ ಖಾಲ್ತಿ ಆದ ಮೇಲೆ ರೊಟ್ಟಿಯ ಕಟ್ಟು ಹಾಸಿಗೆಯಿಂದ ಅಡಿಗೆಮನೆಗೆ ವರ್ಗವಾಯಿತು. ದಲೀಲಾ ರೊಟ್ಟಿಯನ್ನು ಮುರಿದು, ಶೇಂಗಾ ಹಿಂಡಿಗೆ ಆಲಿವ್ ಎಣ್ಣೆ ಕಲಸಿಕೊಂಡು ತಿಂದಳು. ಆ ಎಣ್ಣೆ ನನಗೆ ಹಿಡಿಸಲಿಲ್ಲ ಎಂಬುದನ್ನು ದಾಖಲಿಸಬೇಕಾಗಿದೆ.

ಅವಳೊಂದಿಗೆ ಮಾತನಾಡಲು ನನ್ನಲ್ಲಿದ್ದದ್ದು ಕಚೇರಿಯ ಇಂಗ್ಲಿಷ್ ಮಾತ್ರ. ಅದರಲ್ಲಿ ಚಹಾ ಬೇಕೇ ಎಂದು ಕೇಳುವುದಕ್ಕೂ ‘ದಯವಿಟ್ಟು ತಿಳಿಸುವುದು’ ಎಂದು ಸೇರಿಸದೆ ನನಗೆ ಬರುವುದಿಲ್ಲ. ಆದರೂ ನಾಲ್ಕಾರು ದಿನಗಳಲ್ಲಿ ಆಕೆಯ ಜೀವನದ ಕೆಲವು ಸಂಗತಿಗಳು ತಿಳಿದವು. ಅಲ್ಜೀರ್ಸ್ ನಗರದ ಹಳೆಯ ಬಡಾವಣೆಯಲ್ಲಿ ಹುಟ್ಟಿದವಳು. ಔಷಧಶಾಸ್ತ್ರ ಓದಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದ್ದಳು. ಮೊದಲ ಬಾರಿಗೆ ಸ್ಲ್ಯಾಮ್ ಹೇಳಿದ್ದು ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ, ಹೆಂಗಸರಿಗಾಗಿ ಮೀಸಲಿಟ್ಟ ಹೊತ್ತಿನಲ್ಲಿ. ಕಲ್ಲಿನ ಗುಮ್ಮಟದಲ್ಲಿ ದನಿ ತಾನಾಗಿಯೇ ದೊಡ್ಡದಾಗುತ್ತಿತ್ತಂತೆ. “ಮೈಕ್ ಬೇಕಿರಲಿಲ್ಲ, ಖಾಲ್ತಿ. ಮೈಗೆ ಸೋಪು ಹಚ್ಚಿಕೊಂಡವರು ಎದ್ದು ಹೋಗುವಂತೆಯೂ ಇರಲಿಲ್ಲ” ಎಂದಳು.

ಅನಂತರ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದ್ದಾಳೆ. ಜನರು ಸರ್ಕಾರದ ವಿರುದ್ಧ ಶುಕ್ರವಾರಗಳಂದು ಬೀದಿಗಿಳಿದಿದ್ದ ಕಾಲದಲ್ಲಿ, ಆ ಜನರ ನಡುವೆಯೇ ತಮ್ಮದೊಂದು ಚೌಕ ಮಾಡಿಕೊಂಡು ನಿಂತ ಹೆಂಗಸರ ಜೊತೆ ನಿಂತು ಕವಿತೆ ಹೇಳಿದ್ದಾಳೆ. ಮದುವೆಯ ಕಾನೂನಿನ ಬಗ್ಗೆ ಆಕೆಯದೊಂದು ಕವಿತೆಯಿದೆ. ಯಾವ ಔಷಧಿ ಯಾರ ಪ್ರಾಣ ಉಳಿಸುತ್ತದೆಂದು ಊರಿಗೆಲ್ಲ ಹೇಳಬಲ್ಲ ತನಗೆ, ತನ್ನ ಮದುವೆಗೆ ಒಪ್ಪಿಗೆ ಎಂದು ಹೇಳುವಾಗ ಮಾತ್ರ ಪಕ್ಕದಲ್ಲಿ ಮನೆಯ ಗಂಡಸೊಬ್ಬ ಕೂರಬೇಕು ಎಂಬುದು ಅದರ ತಿರುಳು. ಅದನ್ನು ಹೇಳುವಾಗ ಅವಳ ದನಿ ಏರುವುದಿಲ್ಲ. ಔಷಧಿ ಚೀಟಿಯನ್ನು ಓದಿ ತಿಳಿಸುವವರ ಹಾಗೆ ಹೇಳುತ್ತಾಳೆ.

ಮೆಟ್ರೊ, ಮುಹೈಸ್ನಾ

ರಜೆಯ ಒಂದು ಮಧ್ಯಾಹ್ನ ದಲೀಲಾ ನನ್ನನ್ನು ಮುಹೈಸ್ನಾಗೆ ಕರೆದೊಯ್ದಳು. ಕೆಲಸಗಾರರ ವಸತಿಗಳಿರುವ ಆ ಪ್ರದೇಶದಲ್ಲಿ, ಹೋಟೆಲುಗಳ ಕೋಣೆ ಸ್ವಚ್ಛಗೊಳಿಸುವ ಹೆಂಗಸರಿರುವ ಒಂದು ಕಟ್ಟಡದಲ್ಲಿ ಆಕೆ ಆಗಾಗ ಸ್ಲ್ಯಾಮ್ ಕಲಿಸುತ್ತಾಳೆ.

ಮೆಟ್ರೊದಲ್ಲಿ ಹೆಂಗಸರ ಡಬ್ಬಿಗೂ ಉಳಿದವರ ಡಬ್ಬಿಗೂ ನಡುವೆ ನೆಲದ ಮೇಲೆ ಒಂದು ಗುಲಾಬಿ ಗೆರೆ ಇದೆ. ಅಷ್ಟೆ. ಗೋಡೆಯಿಲ್ಲ, ಬಾಗಿಲಿಲ್ಲ. ಗೆರೆ ದಾಟಿದ್ದ ಒಬ್ಬ ಗಂಡಸು ನೆಲ ನೋಡಿ ತಾನಾಗಿಯೇ ಹಿಂದೆ ಸರಿದ. ನಮ್ಮ ಬಸ್ಸಿನಲ್ಲಿ ‘ಮಹಿಳೆಯರಿಗೆ’ ಎಂದು ಬರೆದ ಸೀಟಿನ ಮೇಲೆ ಕುಳಿತವರನ್ನು ಏಳಿಸಲು ನಿರ್ವಾಹಕರು, ಪ್ರಯಾಣಿಕರು, ಕೊನೆಗೆ ಚಾಲಕರೂ ಮಾತನಾಡಬೇಕಾಗುವ ಪರಿಸ್ಥಿತಿಯನ್ನು ನೆನೆದೆ. ಆ ನೆನಪಿನ ಸಂತೋಷದಲ್ಲಿ ಚೀಲದಿಂದ ಶೇಂಗಾ ಚಿಕ್ಕಿ ತೆಗೆದು ಬಾಯಿಗಿಟ್ಟೆ. ಎದುರಿನ ಫಿಲಿಪ್ಪೀನ್ಸಿನ ಹೆಂಗಸು ಮೆಲ್ಲಗೆ ತಲೆಯಾಡಿಸಿ ಗೋಡೆಯ ಮೇಲಿನ ಚಿತ್ರವನ್ನು ತೋರಿಸಿದಳು. ಗಾಡಿಯಲ್ಲಿ ತಿನ್ನುವುದಕ್ಕೆ ನಿಷೇಧವಿದೆ. ನಿಯಮ ಮುರಿದದ್ದು ಅರಿವಾದೊಡನೆ ಅಗಿಯುವುದನ್ನು ನಿಲ್ಲಿಸಿದೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಇಳಿಯುವವರೆಗೂ ಚಿಕ್ಕಿಯನ್ನು ಕೆನ್ನೆಯಲ್ಲಿಟ್ಟುಕೊಂಡೇ ಕುಳಿತಿದ್ದೆ. ದಲೀಲಾ ಏನನ್ನೋ ಕೇಳಿದಾಗ ಉತ್ತರಿಸಲಾಗಲಿಲ್ಲ. ನಾನು ಬೇಸರಗೊಂಡಿದ್ದೇನೆಂದು ಆಕೆ ಭಾವಿಸಿದಳಂತೆ.

ಕಟ್ಟಡದ ಊಟದ ಕೋಣೆಯಲ್ಲಿ ಹೆಂಗಸರು ಸೇರಿದ್ದರು. ಒಬ್ಬಳು ಎದ್ದು ಎರಡು ಸಾಲು ಹೇಳಿದೊಡನೆ ಉಳಿದವರೆಲ್ಲ ಚಿಟಿಕೆ ಹೊಡೆದರು. ನಮ್ಮಲ್ಲಿ ಚಿಟಿಕೆ ಹೊಡೆಯುವುದು ಯಾರಾದರೂ ಆಕಳಿಸಿದಾಗ. ಯಾರು ಆಕಳಿಸಿದರೆಂದು ನಾನು ಸುತ್ತಲೂ ನೋಡಿದೆ. ಅದು ಇವರ ಚಪ್ಪಾಳೆಯಂತೆ. ಹೇಳುವವರ ಮಾತಿಗೆ ಅಡ್ಡಿಯಾಗದಂತೆ ಮೆಚ್ಚುವ ವಿಧಾನ. ನನ್ನ ಬೆರಳುಗಳಲ್ಲಿ ಶಬ್ದವೇ ಬರಲಿಲ್ಲ.

ದಲೀಲಾ ಆ ಹೆಂಗಸರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಿಮ್ಮನ್ನು ಏನೆಂದು ಕರೆಯುತ್ತಾರೆ? ನೇಪಾಳದ ಹೆಣ್ಣುಮಗಳೊಬ್ಬಳು ಹಿಂದಿಯಲ್ಲಿ ಹೇಳಿದಳು: “ನಾನು ಬಾಗಿಲು ತಟ್ಟುತ್ತೇನೆ, ‘ಹೌಸ್‌ಕೀಪಿಂಗ್’ ಅನ್ನುತ್ತೇನೆ. ಒಳಗಿನಿಂದ ಒಂದು ಮಗು ಕೂಗುತ್ತದೆ: ಅಮ್ಮಾ, ಹೌಸ್‌ಕೀಪಿಂಗ್ ಅನ್ನುವವಳು ಬಂದಿದ್ದಾಳೆ.” ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಬಳಿಕ ತನ್ನ ಹೆಸರು ಹೇಳಿ ಕುಳಿತಳು.

ಮರಳಿ ಬರುವಾಗ, ಈ ಪ್ರಶ್ನೆಯನ್ನೇ ಏಕೆ ಕೇಳುತ್ತೀ ಎಂದು ದಲೀಲಾಳನ್ನು ವಿಚಾರಿಸಿದೆ. ಆಗ ಆಕೆ ತಿಳಿಸಿದ ಸಂಗತಿ ಈ ಕೆಳಕಂಡಂತಿದೆ.

ಆಕೆಯ ತಂದೆ ಪೇಟೆಯಲ್ಲಿ ಎಂದೂ ಹೆಂಡತಿಯ ಹೆಸರು ಹೇಳಿದವರಲ್ಲ. ಪರಗಂಡಸರ ಎದುರು ಮನೆಯ ಹೆಂಗಸಿನ ಹೆಸರು ಹೇಳಬಾರದೆಂಬುದು ಅವರ ಕಡೆಯ ಹಳೆಯ ರೂಢಿ. ‘ಮನೆ’ ಎನ್ನುತ್ತಿದ್ದರಂತೆ. ಮನೆಗೆ ಜ್ವರ ಬಂದಿದೆ. ಮನೆಗೆ ಒಂದು ಜೊತೆ ಚಪ್ಪಲಿ ಬೇಕು. ದಲೀಲಾ ಆಗ ಚಿಕ್ಕವಳು. ಜ್ವರದ ಮಾತನ್ನು ಪೇಟೆಯಲ್ಲಿ ಕೇಳಿ, ಅಂದು ಸಂಜೆ ಮನೆಗೆ ಬಂದು ಗೋಡೆಗಳನ್ನು ಮುಟ್ಟಿ ನೋಡಿದಳು, ಬಿಸಿಯಿವೆಯೇ ಎಂದು. ಇದೇ ಆಕೆಯ ಕವಿತೆ. ಅದರ ಕೊನೆಯಲ್ಲಿ, ಆ ಗೋಡೆಗಳಿಗೆ ಸುಣ್ಣ ಬಳಿದವಳಿಗೆ ಒಂದು ಹೆಸರಿತ್ತು ಎಂದು ಹೇಳಿ ತಾಯಿಯ ಹೆಸರನ್ನು ಹೇಳಿದ್ದಳು. ಯಾರೋ ಅದನ್ನು ಫೋನಿನಲ್ಲಿ ಚಿತ್ರೀಕರಿಸಿದರು. ಅದು ಬಂಧುಬಳಗಕ್ಕೆಲ್ಲ ತಲುಪಿತು. ಮದುವೆ ಮುಂಜಿಗಳಲ್ಲಿ ಜನ ಆ ತಾಯಿಯನ್ನು ನೋಡಿ ಪಿಸುಗುಟ್ಟಿದರು.

“ಅಮ್ಮ ನನ್ನನ್ನು ಬೈಯಲಿಲ್ಲ. ಅಂದಿನಿಂದ ನನ್ನ ಒಂದು ಕವಿತೆಯನ್ನೂ ಕೇಳಲಿಲ್ಲ. ಫೋನಿನಲ್ಲಿ ಊಟ, ಆರೋಗ್ಯ, ಹವಾಮಾನ. ಈಗ ಅಬುಧಾಬಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಪ್ರತಿ ಶನಿವಾರ ಹೋಗಿ ಅವಳು ಮಾಡಿದ್ದನ್ನು ಉಂಡು ಬರುತ್ತೇನೆ. ಕವಿತೆಯ ಮಾತು ಬಂದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಾಳೆ.”

ಮುಂದಿನ ಶನಿವಾರ ಅಬುಧಾಬಿಯಲ್ಲಿ, ಅಣ್ಣನ ಮನೆಯ ಹತ್ತಿರದಲ್ಲಿಯೇ ಒಂದು ಸ್ಲ್ಯಾಮ್ ಸ್ಪರ್ಧೆಯಿತ್ತು. ಒಮ್ಮೆ, ಒಂದೇ ಒಮ್ಮೆ, ತಾಯಿ ಬಂದು ಕುಳಿತು ಕೇಳಬೇಕೆಂಬುದು ದಲೀಲಾಳ ಆಸೆ. ಗೆಲ್ಲುವ ಮಾತನ್ನು ಆಕೆ ಆಡಲೇ ಇಲ್ಲ.

“ನೀವು ನನ್ನ ಜೊತೆ ಬನ್ನಿ, ಖಾಲ್ತಿ. ಅವಳ ವಯಸ್ಸಿನವರು ಪಕ್ಕದಲ್ಲಿದ್ದರೆ ಬರಬಹುದು.”

ನನಗೆ ಅರಬ್ಬಿ ಬಾರದು, ಆ ತಾಯಿಗೆ ಕನ್ನಡ ಬಾರದು, ಇಂತಹ ವಿಷಯದಲ್ಲಿ ನಾನು ಯಾವ ರೀತಿಯಲ್ಲಿ ಉಪಯುಕ್ತಳಾಗಬಲ್ಲೆ ಎಂದು ಕೇಳಿದೆ. ವೀಣಾ ಅಂದು ಸಂಜೆ ಸಮಾಧಾನ ಹೇಳಿದಳು: “ನೀ ಸುಮ್ಮನ ಕುಂದರು ಸಾಕು ದೊಡ್ಡವ್ವ. ನಂಗ ಶನಿವಾರ ಕ್ಲೈಂಟ್ ಕಾಲ್ ಐತಿ, ಇಲ್ಲಾಂದ್ರ ನಾನೂ ಬರ್ತಿದ್ದೆ. ಯಲ್ಲಾ, ನಡಿ ನಡಿ, ಒಳ್ಳೆ ಸೀರಿ ಉಟಗೊಂಡು ಹೋಗು.”

ಅಲ್ ರೀಮ್ ಐಲ್ಯಾಂಡ್

ಇಳಕಲ್ ಸೀರೆಯುಟ್ಟು ಹೊರಟೆ. ದುಬೈನಿಂದ ಅಬುಧಾಬಿಗೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ದಲೀಲಾ ಕಿಟಕಿಯ ಕಡೆ ಮುಖ ಮಾಡಿ ತುಟಿ ಆಡಿಸುತ್ತಿದ್ದಳು. ಪರೀಕ್ಷೆಗೆ ಹೋಗುವ ಮಕ್ಕಳಿಗೆ ಕೊಡುವಂತೆ ಅವಳಿಗೆ ಒಂದು ಚಮಚ ಸಕ್ಕರೆ ಕೊಡಬೇಕೆನಿಸಿತು. ಬಸ್ಸಿನಲ್ಲಿಯೂ ತಿನ್ನುವುದಕ್ಕೆ ನಿಷೇಧವಿದ್ದೀತೆಂದು ಸುಮ್ಮನಾದೆ.

ದಲೀಲಾಳ ಅಣ್ಣನ ಮನೆ ಈ ದ್ವೀಪದಲ್ಲಿದೆ; ಅವರು ಕೆಲಸದ ಮೇಲೆ ಹೊರಗೆ ಹೋಗಿದ್ದರು. ಬಾಗಿಲು ತೆರೆದ ತಾಯಿ ನನ್ನ ಎರಡೂ ಕೆನ್ನೆಗಳಿಗೆ ಮುತ್ತಿಟ್ಟರು. ನಮ್ಮ ಕಡೆ ಹಾಗಿಲ್ಲವಾದ್ದರಿಂದ ನಾನು ನಮಸ್ಕಾರಕ್ಕೆಂದು ಎತ್ತಿದ ಕೈಗಳು ಇಬ್ಬರ ನಡುವೆ ಸಿಕ್ಕಿಕೊಂಡವು. ಒಳಗೆ ಇನ್ನೊಬ್ಬರಿದ್ದರು: ಅದೇ ಅಂತಸ್ತಿನ ಎದುರು ಮನೆಯ ನಸೀಮಾ. ಭಟ್ಕಳದವರು, ಮನೆಯವರದು ಬಟ್ಟೆಯ ವ್ಯಾಪಾರ. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಅರಬ್ಬಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಅವರ ಬಾಯಿಯಿಂದ “ಬನ್ನಿ ಅಕ್ಕ, ಕೂತ್ಕೊಳ್ಳಿ” ಎಂದು ಕೇಳಿದಾಗ ನನಗಾದ ನೆಮ್ಮದಿಯನ್ನು ವರ್ಣಿಸಲು ಕಚೇರಿಯ ಭಾಷೆಯಲ್ಲಿ ಪದವಿಲ್ಲ.

“ನಿಮಗೆ ಇವರ ಮಾತು ತಿಳೀತದಾ?” ಎಂದು ಕೇಳಿದೆ.

“ಇವ್ರ ಅರಬ್ಬಿ ಇಲ್ಲಿಯ ಅರಬ್ಬಿ ಅಲ್ಲ ಅಕ್ಕ, ಮಧ್ಯ ಮಧ್ಯ ಫ್ರೆಂಚ್ ಬರ್ತದೆ. ಅರ್ಧ ತಿಳೀತದೆ. ಇನ್ನರ್ಧ ನಾನೇ ಸೇರಿಸ್ತೇನೆ. ಈವರೆಗೆ ಜಗಳ ಆಗಲಿಲ್ಲ.”

ನಾನು ಮಾಂಸ ತಿನ್ನುವುದಿಲ್ಲವೆಂದು ದಲೀಲಾ ಮೊದಲೇ ತಿಳಿಸಿದ್ದರಿಂದ ತಾಯಿ ನನಗೆಂದೇ ಗಜ್ಜರಿ, ಕುಂಬಳಕಾಯಿ, ಕಡಲೆ ಹಾಕಿದ ಕುಸ್ಕುಸ್ ಮಾಡಿದ್ದರು. ನಮ್ಮ ಸಣ್ಣ ರವೆಯ ಉಪ್ಪಿಟ್ಟು ಉದುರುದುರಾಗಿ ಬಂದರೆ ಹೇಗೋ ಹಾಗೆ. ಸಾಕೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ತಾಯಿ ನನ್ನ ಕೈಯನ್ನು ಹಿಡಿದು ಪಕ್ಕಕ್ಕಿಟ್ಟು ಬಡಿಸಿದರು. ಇಷ್ಟು ದೂರ ಬಂದರೂ ಬೀಗರ ಮನೆಯ ಉಪಚಾರವನ್ನು ತಪ್ಪಿಸಿಕೊಳ್ಳಲಾಗಲಿಲ್ಲ.

ಊಟದ ನಡುವೆ ಊರಿನಿಂದ ನಮ್ಮ ಯಜಮಾನರ ಫೋನ್ ಬಂತು. ಉಪ್ಪಿನಕಾಯಿಯ ಭರಣಿ ಎಲ್ಲಿದೆ ಎಂಬುದು ಪ್ರಶ್ನೆ. ಅವರು ಯಾರಿಗೋ “ನಮ್ಮ ಮನ್ಯಾಗಿನವರು ದುಬೈಕ್ಕ ಹೋಗ್ಯಾರ್ರೀ, ಅವರನ್ನ ಕೇಳಾಕತ್ತೇನಿ” ಎಂದು ಹೇಳುತ್ತಿರುವುದು ಇಲ್ಲಿಗೆ ಸ್ಪಷ್ಟವಾಗಿ ಕೇಳಿಸಿತು. ನಸೀಮಾ ನಕ್ಕು ಅದನ್ನು ತಾಯಿಗೆ ಅರಬ್ಬಿಯಲ್ಲಿ ಹೇಳಿದರು. ತಾಯಿ ಚಮಚ ಕೆಳಗಿಟ್ಟು ನನ್ನನ್ನು ನೋಡಿದರು.

“ನಿಮ್ಮಲ್ಲೂ ಹೆಂಡತಿಗೆ ಮನೆ ಅಂತಾರಾ, ಕೇಳ್ತಿದ್ದಾರೆ” ಎಂದರು ನಸೀಮಾ.

ಹೌದು, ಹೆಂಡತಿಯೂ ಗಂಡನ ಹೆಸರು ಹೇಳುವುದಿಲ್ಲ ಎಂದು ತಿಳಿಸಿ, ಆದರೆ ಅದಕ್ಕೆ ಒಂದು ವಿನಾಯಿತಿ ಇದೆ ಎಂದೆ. ಮದುವೆಯಾದ ಹೆಣ್ಣು ಗಂಡನ ಮನೆಯ ಹೊಸ್ತಿಲಲ್ಲಿ ನಿಂತಾಗ ನಾದಿನಿಯರು ದಾರಿ ಕಟ್ಟುತ್ತಾರೆ. ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಒಡಪು ಹೇಳಿದರೆ ಮಾತ್ರ ಒಳಗೆ ಪ್ರವೇಶ. ಹೇಳಿ ತೋರಿಸಬೇಕೆಂದು ದಲೀಲಾ ಹಟ ಹಿಡಿದಳು. ಎಷ್ಟೋ ವರ್ಷಗಳ ಹಿಂದೆ ನಾನೇ ಕಟ್ಟಿದ್ದ ಒಡಪನ್ನು ನಾಚಿಕೆಯಿಂದಲೇ ಹೇಳಿದೆ:

“ಒಲಿ ಮ್ಯಾಲ ಹಾಲು, ಹಾಲ ಮ್ಯಾಲ ಕೆನಿ,
ಕೇಳೂ ಮುಂದ ಒಲ್ಲೆ ಅಂದಾಕಿ ಈಗ ಹೇಳಾಕ ನಿಂತೇನಿ,
ಬಸವರಾಜರ ಹೆಸರ ಹೇಳಿ ಒಳಗ ಬರತೇನಿ.”

ದಲೀಲಾ ಚಿಟಿಕೆ ಹೊಡೆದಳು. “ಕಾಗದವಿಲ್ಲ, ಸ್ವಂತ ಮಾತು, ಮೂರು ನಿಮಿಷದೊಳಗೆ. ಖಾಲ್ತಿ, ನೀವು ಸ್ಲ್ಯಾಮ್ ಕವಿ.”

ತಾಯಿ ತಮ್ಮ ತಲೆವಸ್ತ್ರದ ಅಂಚಿಗೆ ಒಂದು ಸಣ್ಣ ಗಂಟು ಹಾಕುತ್ತ ತಮ್ಮ ಊರಿನ ರೂಢಿಯೊಂದನ್ನು ವಿವರಿಸಿದರು. ರಂಜಾನಿನ ಸಂಜೆಗಳಲ್ಲಿ ಹೆಂಗಸರು ಮಾಳಿಗೆಯ ಮೇಲೆ ಸೇರುತ್ತಾರೆ. ಒಂದು ಮಣ್ಣಿನ ಹೂಜಿ. ಪ್ರತಿಯೊಬ್ಬರೂ ಮನಸ್ಸಿನಲ್ಲಿ ಯಾರನ್ನಾದರೂ ನೆನೆದು ಬಟ್ಟೆಗೆ ಗಂಟು ಹಾಕಿಕೊಳ್ಳುತ್ತಾರೆ. ಹಿರಿಯಳೊಬ್ಬಳು ಸಣ್ಣ ಪದ್ಯ ಹೇಳುತ್ತಾಳೆ. ಪದ್ಯದ ಅರ್ಥ ಗಂಟಿನಲ್ಲಿರುವವರಿಗೆ ಸಲ್ಲುತ್ತದೆ. ಬಳಿಕ ಗಂಟು ಬಿಚ್ಚುತ್ತಾರೆ. ಆಟದ ಹೆಸರು ಬೂಕಾಲಾ.

“ನಮ್ಮ ಮಾಳಿಗೆಯಲ್ಲಿ ಪದ್ಯ ಹೇಳ್ತಿದ್ದವಳು ನಾನೇ ಅಂತಿದ್ದಾರೆ” ಎಂದು ನಸೀಮಾ ಕನ್ನಡಕ್ಕೆ ತಂದರು. “ಇವಳಿಗೆ ಆ ನಾಲಿಗೆ ಬಂದದ್ದು ನನ್ನಿಂದ್ಲೇ. ಆದ್ರೆ ನಮ್ಮದು ಮಾಳಿಗೆ ಮೇಲೆ, ಹೆಂಗಸ್ರ ಮಧ್ಯೆ. ಅಲ್ಲಿ ಹೇಳಿದ್ದು ಅಲ್ಲಿಗೇ ಖಲಾಸ್. ಇವಳು ಬೀದಿಗೆ ತಂದ್ಲು.”

“ಹೊಸ್ತಿಲ ಮ್ಯಾಲ ನಿಂತು ಹೇಳೂದು ಒಳಗಿನ ಮಾತೋ ಹೊರಗಿನ ಮಾತೋ, ನನಗೂ ಇನ್ನೂ ತಿಳಿದಿಲ್ಲ” ಎಂದೆ. ನಸೀಮಾ ಅದನ್ನು ಹೇಗೆ ತಿಳಿಸಿದರೋ, ಎಷ್ಟು ಸೇರಿಸಿದರೋ ಗೊತ್ತಿಲ್ಲ.

ತಾಯಿ ಪಾತ್ರೆ ತೊಳೆಯಲು ಎದ್ದರು. ದಲೀಲಾ ನನ್ನ ಮುಖ ನೋಡಿ ಕಣ್ಣು ಕೆಳಗೆ ಮಾಡಿದಳು. ನಲ್ಲಿಯ ಸದ್ದು ಬಂತು, ನಿಂತಿತು. ಒಳಗಿನಿಂದಲೇ ತಾಯಿ ಒಂದು ಮಾತು ಹೇಳಿದರು. ದಲೀಲಾ ಥಟ್ಟನೆ ಎದ್ದು ನಿಂತಳು.

“ಬರ್ತಾರಂತೆ” ಎಂದರು ನಸೀಮಾ ನನ್ನ ಕಿವಿಯಲ್ಲಿ. “ಆದ್ರೆ ಹೆಸ್ರು ಹೇಳಬಾರ್ದಂತೆ. ಹೇಳಿದ್ರೆ ಅಲ್ಲಿಂದ್ಲೇ ಎದ್ದು ಬರ್ತಾರಂತೆ.”

ದಲೀಲಾ ಒಪ್ಪಿದಳು.

ಅಬುಧಾಬಿ, ಅದೇ ಸಂಜೆ

ಪುಸ್ತಕದಂಗಡಿಯೊಂದರ ಮೇಲ್ಮಹಡಿ. ಕಾಫಿಯ ವಾಸನೆ. ಗಂಡಸರೂ ಹೆಂಗಸರೂ ಸಾಕಷ್ಟು ಸಂಖ್ಯೆಯಲ್ಲಿದ್ದರು. ತಾಯಿ ನನ್ನ ಬಲಗಡೆ, ನಸೀಮಾ ಎಡಗಡೆ ಕುಳಿತರು. ಸ್ವಾಗತ ಗೀತೆಯಿಲ್ಲ, ಹಾರವಿಲ್ಲ, ದೀಪ ಬೆಳಗಿಸಲಿಲ್ಲ. ಕುಳಿತೊಡನೆ ಆರಂಭ. ನನಗೆ ಇದು ಅಪೂರ್ಣವೆನಿಸಿತು.

ಕೂದಲು ಕತ್ತರಿಸಿಕೊಂಡ ನಿರೂಪಕಿ ಸಭಿಕರ ನಡುವೆ ಓಡಾಡುತ್ತ ಐವರು ತೀರ್ಪುಗಾರರನ್ನು ಆರಿಸತೊಡಗಿದಳು. ಸ್ಲ್ಯಾಮಿನ ಪದ್ಧತಿ ಇದು. ತೀರ್ಪುಗಾರರು ಪಂಡಿತರಾಗಿರಬೇಕಿಲ್ಲ, ಬಂದವರಲ್ಲಿ ಯಾರಾದರೂ ಆಗಬಹುದು. ಆಕೆ ನನ್ನ ಸೀರೆಯನ್ನು ನೋಡಿ ನಿಂತು ಇಂಗ್ಲಿಷಿನಲ್ಲಿ ಕೇಳಿದಳು: “ಕವಿಗಳಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ?” ಇಲ್ಲ ಎಂದು ಸತ್ಯವನ್ನೇ ಹೇಳಿದೆ. ಒಂದು ಪುಟ್ಟ ಬಿಳಿ ಫಲಕ, ಒಂದು ಪೆನ್ನು, ಒರೆಸಲು ಒಂದು ಬಟ್ಟೆ ನನ್ನ ತೊಡೆಯ ಮೇಲೆ ಬಂದವು. ಹತ್ತರೊಳಗೆ ಅಂಕ ಬರೆದು ಎತ್ತಿ ಹಿಡಿಯಬೇಕು. ನನಗೆ ಭಾಷೆ ಬಾರದೆಂದರೆ ನಿರೂಪಕಿ, “ಕಿವಿ ಇದೆಯಲ್ಲ” ಎಂದು ಮುಂದೆ ಹೋದಳು.

ಮೊದಲು ಬಂದ ಯುವಕನಿಗೆ ಏಳು ಕೊಟ್ಟೆ. ಸಭೆಯಲ್ಲಿ ಒಮ್ಮೆಲೇ “ಊ...” ಎಂಬ ಕೂಗೆದ್ದಿತು. ಸೇವಾವಧಿಯಲ್ಲಿ ನನಗೆ ಎಂದೂ ಇಂತಹ ಸಾರ್ವಜನಿಕ ಆಕ್ಷೇಪಣೆ ಬಂದಿರಲಿಲ್ಲ. ಬೆವರಿದೆ.

“ಅದು ನಿಮ್ಗಲ್ಲ ಅಕ್ಕ, ಅಂಕಕ್ಕೆ. ಕಮ್ಮಿ ಕೊಟ್ರೆ ಹಾಗೆ ಕೂಗೂದು ಇಲ್ಲಿ ಕ್ರಮವಂತೆ” ಎಂದರು ನಸೀಮಾ. ತಾಯಿ ನಗು ತಡೆಯಲು ತಲೆವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದರು. ಎರಡನೆಯವರಿಗೆ ಎಂಟೂವರೆ ಕೊಟ್ಟೆ. ಆ ಕವಿತೆ ಏನೆಂದು ಈಗಲೂ ನನಗೆ ತಿಳಿಯದು.

ದಲೀಲಾಳ ಹೆಸರು ಕೂಗಿದಾಗ ಇದ್ದಕ್ಕಿದ್ದಂತೆ ನನಗೆ ಹೊಳೆಯಿತು: ಸಂಬಂಧವಿಲ್ಲ ನಿಜ, ಆದರೆ ನಾನು ಆಕೆಯ ಮನೆಯಲ್ಲಿ ಉಂಡು ಮಲಗುತ್ತಿದ್ದೇನೆ. ತನಗೆ ಹಿತಾಸಕ್ತಿಯಿರುವ ಕಡತದ ಮೇಲೆ ಷರಾ ಬರೆಯಬಾರದು. ನಮ್ಮ ಕಚೇರಿಯಲ್ಲಿ ಇಂತಹ ಪ್ರಸಂಗ ಬಂದಾಗ ಪ್ರಭಾರವನ್ನು ಪಕ್ಕದಲ್ಲಿರುವ ಹಿರಿಯರಿಗೆ ವಹಿಸಿ ಎದ್ದುಬಿಡುವುದು ಕ್ರಮ. ನಾನು ಹಾಗೆಯೇ ಮಾಡಿದೆ. ಫಲಕ, ಪೆನ್ನು, ಬಟ್ಟೆ ಮೂರನ್ನೂ ಎರಡು ಕೈಯಿಂದ ಬಲಗಡೆಯ ಹಿರಿಯರಿಗೆ ಹಸ್ತಾಂತರಿಸಿದೆ. ಅವರು ಸ್ವೀಕರಿಸಿದರು.

ನಸೀಮಾ ನನ್ನ ಮೊಣಕೈ ತಿವಿದರು. “ಅಕ್ಕ, ಅವರು ತಾಯಿ.”

ಆಗಲೇ ದಲೀಲಾ ವೇದಿಕೆಯ ಮೇಲೆ ನಿಂತಿದ್ದಳು. ಫಲಕವನ್ನು ಹಿಂದಕ್ಕೆ ಕೇಳುವಂತಿರಲಿಲ್ಲ. ನಸೀಮಾ ಬಾಗಿ ತಾಯಿಗೆ, ಕೊನೆಗೆ ಅಂಕ ಬರೆಯಬೇಕೆಂದು ಅರಬ್ಬಿಯಲ್ಲಿ ತಿಳಿಸಿದರು. ತಾಯಿ ತಲೆಯಾಡಿಸಿದರು. ಅನಂತರ ತಲೆವಸ್ತ್ರದ ಅಂಚನ್ನು ಹುಡುಕಿ, ನೋಡದೆಯೇ, ಒಂದು ಗಂಟು ಹಾಕಿದರು.

ಪೇಟೆ, ಜ್ವರ, ಚಪ್ಪಲಿ, ಗೋಡೆ. ಅರ್ಥ ಮೊದಲೇ ತಿಳಿದಿದ್ದುದರಿಂದ ಮಾತು ಬಾರದಿದ್ದರೂ ನಾನು ಹಿಂದೆ ಹಿಂದೆಯೇ ನಡೆಯಬಲ್ಲವಳಾಗಿದ್ದೆ. ಬಾಲ್ಕನಿಯಲ್ಲಿ ಆಡುತ್ತಿದ್ದ ಕೈ ಇಲ್ಲಿ ಆಡಲಿಲ್ಲ. ಗೋಡೆಗಳಿಗೆ ಸುಣ್ಣ ಬಳಿದವಳಿಗೆ ಒಂದು ಹೆಸರಿತ್ತು ಎಂಬ ಸಾಲು ಬಂತು. ದಲೀಲಾ ಅಲ್ಲಿ ನಿಂತಳು. ಹೆಸರು ಇರಬೇಕಾದಷ್ಟು ಹೊತ್ತು ಸುಮ್ಮನೆ ನಿಂತಳು, ಅದಕ್ಕಿಂತಲೂ ಸ್ವಲ್ಪ ಹೆಚ್ಚೇ ನಿಂತಳು. ಕಾಫಿ ಯಂತ್ರದವನು ಕೂಡ ಕೈ ನಿಲ್ಲಿಸಿದ್ದ. ಬಳಿಕ ಒಂದು ಕೊನೆಯ ಸಾಲು ಹೇಳಿ ತಲೆಬಾಗಿದಳು. ಅದು ಹೊಸದು, ಬಸ್ಸಿನಲ್ಲಿ ತುಟಿ ಆಡಿಸುತ್ತ ಕಟ್ಟಿದ್ದಿರಬೇಕು. ಈ ಜಾಗ ನನ್ನದಲ್ಲ, ನಾನು ತುಂಬುವುದಿಲ್ಲ ಎಂಬುದು ಅದರ ಅರ್ಥವೆಂದು ನಸೀಮಾ ಹೇಳಿದರು.

ಸುತ್ತಲೂ ಚಿಟಿಕೆಯ ಸದ್ದು, ತಗಡಿನ ಮೇಲೆ ಹನಿ ಬಿದ್ದಂತೆ. ತಾಯಿ ಪೆನ್ನಿನ ಮುಚ್ಚಳ ತೆಗೆದಿದ್ದರು. ಬಲದಿಂದ ಎಡಕ್ಕೆ, ನಿಧಾನವಾಗಿ, ಒಂದು ಅಂಕಿಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಬರೆದರು.

ಫಲಕಗಳು ಮೇಲೆದ್ದವು. ನಿರೂಪಕಿ ಓದುತ್ತ ಬಂದಳು: ಒಂಬತ್ತು. ಒಂಬತ್ತೂವರೆ. ಎಂಟೂವರೆ. ಒಂಬತ್ತು. ನಮ್ಮ ಸಾಲಿಗೆ ಬಂದು ನಿಂತಳು. ಕಣ್ಣು ಕಿರಿದು ಮಾಡಿ ಓದಿ, ಮೈಕನ್ನು ಕೆಳಗಿಳಿಸಿ, ಹತ್ತಿರ ಬಂದು ತಾಯಿಯನ್ನು ಏನೋ ಕೇಳಿದಳು. ತಾಯಿ ಉತ್ತರಿಸಿದರು.

“ಏನಂದರು?” ಎಂದು ನಾನು ನಸೀಮಾರನ್ನು ಕೇಳಿದೆ.

“ಅಂಕ ಎಲ್ಲಿ ಅಮ್ಮ, ಅಂತ ಕೇಳಿದ್ಲು. ‘ಅಂಕ ಕೊಡ್ಲಿಕ್ಕೆ ನಂಗೆ ಬರೂದಿಲ್ಲ. ಅಲ್ಲಿ ಒಂದು ಜಾಗ ಬಿಟ್ಟಿತ್ತು, ಅದಕ್ಕೆ ಏನು ಬರೀಬೇಕು ಅಂತ ನಂಗೆ ಗೊತ್ತಿತ್ತು’ ಅಂದ್ರು.”

ನಿರೂಪಕಿ ಮತ್ತೊಂದು ಮಾತು ಕೇಳಿದಳು. ಓದಲೇ ಎಂದು ಕೇಳಿದ್ದಿರಬೇಕು. ತಾಯಿ ಒಮ್ಮೆ ಸಭೆಯನ್ನು, ಅದರಲ್ಲಿದ್ದ ಗಂಡಸರನ್ನು ನೋಡಿದರು. ಫಲಕವನ್ನು ಇನ್ನೂ ಸ್ವಲ್ಪ ಮೇಲೆತ್ತಿ ಹಿಡಿದರು. ನಿರೂಪಕಿ ಮೈಕ್ ಎತ್ತಿ, ಅಂಕ ಓದಿದ ದನಿಯಲ್ಲಿಯೇ ಓದಿದಳು:

“ಜುಲೀಖಾ.”

ವೇದಿಕೆಯ ಮೇಲಿದ್ದ ದಲೀಲಾ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು. ನನ್ನ ಬೆರಳುಗಳಿಂದ ಅಂದು ಮೊದಲ ಬಾರಿಗೆ ಚಿಟಿಕೆಯ ಸದ್ದು ಬಂತು.

ನಿಯಮದ ಪ್ರಕಾರ ಹೆಸರನ್ನು ಅಂಕಗಳೊಂದಿಗೆ ಕೂಡಿಸಲು ಬರುವುದಿಲ್ಲ. ಒಬ್ಬ ತೀರ್ಪುಗಾರರ ಅಂಕ ಇಲ್ಲದ ಕಾರಣ ದಲೀಲಾ ಕೊನೆಯ ಸುತ್ತಿಗೆ ಹೋಗಲಿಲ್ಲ. ಈ ಲೋಪಕ್ಕೆ ಸಂಪೂರ್ಣವಾಗಿ ನಾನೇ ಹೊಣೆಯೆಂದು ನಿರೂಪಕಿಗೆ ತಿಳಿಸಿ ಕ್ಷಮೆ ಕೋರಿದೆ. ಆಕೆ ನನ್ನ ಭುಜ ತಟ್ಟಿದಳು. ಮುಂದಿನ ಕವಿ ಆಗಲೇ ವೇದಿಕೆಯಲ್ಲಿ ಕಾಯುತ್ತಿದ್ದ. ಫಲಕ ಒರೆಸಿಕೊಡಬೇಕಿತ್ತು. ನಾನು ಬಟ್ಟೆಗೆ ಕೈ ಚಾಚಿದೆ. ಜುಲೀಖಾ ಅವರು ಫಲಕವನ್ನು ಎದೆಗವಚಿಕೊಂಡು ನೇರವಾಗಿ ಮುಂದೆ ನೋಡುತ್ತಿದ್ದರು. ತಲೆವಸ್ತ್ರದ ಗಂಟು ಯಾವಾಗಲೋ ಬಿಚ್ಚಿಹೋಗಿತ್ತು. ಉಳಿದ ಕವಿಗಳಿಗೆಲ್ಲ ನಾನು ಅಂಕಗಳನ್ನು ಕೈಬೆರಳುಗಳಲ್ಲಿಯೇ ತೋರಿಸಿದೆ. ಅರ್ಧ ಅಂಕಕ್ಕೆ ಬೆರಳು ಮಡಿಸಿದೆ. ಯಾರೂ ಆಕ್ಷೇಪಿಸಲಿಲ್ಲ.

ಮನೆಗೆ ಮರಳುವಾಗ ಲಿಫ್ಟಿನಲ್ಲಿ ನಾವು ನಾಲ್ವರೇ ಇದ್ದೆವು. ಊರಿಗೆ ಹೋದ ಮೇಲೆ ಈ ಸಂಗತಿಯನ್ನು ಬರೆಯುವ ಆಲೋಚನೆಯಿದೆ, ಅವರ ಹೆಸರನ್ನು ಬರೆಯಲು ಅನುಮತಿ ಇದೆಯೇ ಎಂದು ನಸೀಮಾರ ಮೂಲಕ ಕೇಳಿದೆ. ಗಂಡಸರೂ ಓದುತ್ತಾರೆಯೇ ಎಂದು ಅವರು ವಿಚಾರಿಸಿದರು. ಹೌದು ಎಂದೆ. ಹಾಗಾದರೆ ತಪ್ಪಿಲ್ಲದೆ ಬರೆಯಬೇಕು ಎಂದರು. ನಸೀಮಾ ಅಕ್ಷರ ಅಕ್ಷರವಾಗಿ ಹೇಳಿದಂತೆ ಬರೆದಿದ್ದೇನೆ.

ಆಮೇಲೆ ಅವರು ಮಗಳ ಕಡೆ ತಿರುಗಿ ಉದ್ದವಾಗಿ ಏನನ್ನೋ ಹೇಳತೊಡಗಿದರು. ದನಿ ಗಡುಸಾಗಿತ್ತು. ಬೆರಳು ಆಡುತ್ತಿತ್ತು. ಬಾಲ್ಕನಿಯಲ್ಲಿ ನಾನು ಕಂಡ ಕೈಯಾಟ ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು. ದಲೀಲಾ ತಲೆ ಬಗ್ಗಿಸಿ ಕೇಳುತ್ತಿದ್ದಳು. ಈಗೇನು ಜಗಳವೆಂದು ನಾನು ಆತಂಕದಿಂದ ನಸೀಮಾರನ್ನು ನೋಡಿದೆ.

“ಕವಿತೆಯ ಆ ಚಪ್ಪಲಿ ಸಾಲಿನಲ್ಲಿ ಅವಸರ ಮಾಡಿದ್ಲಂತೆ” ಎಂದರು ನಸೀಮಾ. “ಮುಂದಿನ ಸಲ ಅಲ್ಲಿ ಉಸಿರು ತಗೊಂಡು ನಿಧಾನ ಹೇಳಬೇಕಂತೆ. ಇವರು ಎದುರಿನ ಕುರ್ಚಿಯಲ್ಲೇ ಕೂತ್ಕೊಂಡು ನೋಡ್ತಾರಂತೆ.”